ನಲವತ್ತು ಬೀಜ, ನಲವತ್ತಮೂರು ಮೊಳಕೆ

ಬಸ್ಸಿನಿಂದ ಇಳಿದ ಹದಿನೇಳು ಜನರಲ್ಲಿ ಹದಿನಾರು ಜನ ಮೊದಲು ತಲೆಯೆತ್ತಿ ಗಡಿಯಾರದ ಗೋಪುರ ನೋಡಿದರು. ಟೈಪಕ್ಕ ಒಬ್ಬಳೇ ತಲೆ ತಗ್ಗಿಸಿ ಕಾಲ ಕೆಳಗಿನ ಕಲ್ಲುಹಾಸು ನೋಡುತ್ತ ನಿಂತಳು. ನೂರಾರು ವರ್ಷ ವಿದ್ಯಾರ್ಥಿಗಳು ತುಳಿದೂ ತುಳಿದೂ ಆ ಚಪ್ಪಡಿಗಳು ನಡುವೆ ತಗ್ಗಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು.

"ಏನೇ ಅಕ್ಕ, ಏನಾದ್ರೂ ಬೀಳಿಸ್ಕೊಂಡ್ಯಾ?" ಅಂದಳು ತಂಗಿ.

"ಇಲ್ಲ ಕಣೇ, ಕಲ್ಲು ನೋಡ್ತಿದ್ದೆ."

"ಕಲ್ಲು ನೋಡೋಕೆ ಆರು ಗಂಟೆ ಸೊಂಟ ಮುರ್ಕೊಂಡು ಬರ್ಬೇಕಿತ್ತಾ? ನಮ್ಮ ಬೀದೀಲೇ ಲೋಡುಗಟ್ಟಲೆ ಬಿದ್ದಿದೆಯಲ್ಲ!"

ಟೈಪಕ್ಕ ನಕ್ಕಳು. ಈ ಕಲ್ಲಿನ ಮೇಲೆ ಓಡಾಡಿದ ಎಷ್ಟೋ ಜನರ ಕೈಬರಹ ಅವಳಿಗೆ ಗೊತ್ತಿತ್ತು. ಮುಖ ಮಾತ್ರ ಒಂದೂ ಗೊತ್ತಿರಲಿಲ್ಲ. ಅದನ್ನು ತಂಗಿಗೆ ಹೇಗೆ ಹೇಳುವುದು?

ಅವಳಿಗೆ ಟೈಪಕ್ಕ ಅಂತ ಹೆಸರಿಟ್ಟಿದ್ದು ಅವಳ ಬೀದಿ. ಹತ್ತನೇ ತರಗತಿ ಮುಗಿಸಿ, ಟೈಪಿಂಗ್ ಕಲಿತು, ಮದುವೆಯಾಗಿ ಬಂದ ಮೇಲೆ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಒಂದು ಹಳೆಯ ಟೈಪ್‌ರೈಟರ್ ಇಟ್ಟುಕೊಂಡು ಕೂತವಳು ಮೂವತ್ತಾರು ವರ್ಷ ಮೇಲೇಳಲಿಲ್ಲ. ಈಗ ಬಂದಿಳಿದ ಈ ಊರಿನ ವಿಶ್ವವಿದ್ಯಾಲಯದಲ್ಲಿ ವರ್ಷದ ಕೊನೆಗೆ ಮಹಾಪ್ರಬಂಧ ಒಪ್ಪಿಸುವ ಕಾಲ ಬಂತೆಂದರೆ ಇಲ್ಲಿನ ಟೈಪಿಸ್ಟರಿಗೆಲ್ಲ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಅವರ ಕೈಯಲ್ಲಿ ಆಗದೆ ಮಿಕ್ಕಿದ್ದನ್ನು ಇಲ್ಲಿಯ ಸ್ಟೇಷನರಿ ಅಂಗಡಿಯವರೊಬ್ಬರು ಕಟ್ಟು ಕಟ್ಟಿ ಬಸ್ಸಿನ ಪಾರ್ಸೆಲ್‌ನಲ್ಲಿ ಅವಳ ಊರಿಗೆ ಕಳಿಸುತ್ತಿದ್ದರು. ನಡುವೆ ಕಾರ್ಬನ್ ಕಾಗದ ಇಟ್ಟು, ಒಂದು ತಪ್ಪಾದರೆ ನಾಲ್ಕೂ ಪ್ರತಿ ಒರೆಸಿ ತಿದ್ದಿ, ಅವಳು ಅವನ್ನೆಲ್ಲ ಅಚ್ಚುಕಟ್ಟು ಮಾಡಿ ವಾಪಸ್ ಕಳಿಸುತ್ತಿದ್ದಳು. ರಾಜರ ಇತಿಹಾಸ, ಕಬ್ಬಿಣದ ತುಕ್ಕು, ಮೀನಿನ ಕಿವಿರು, ಎಲ್ಲವೂ ಅವಳ ಬೆರಳಿನಡಿ ಹಾದು ಹೋಗಿದ್ದವು. ಊರನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಮಕ್ಕಳ ಪರೀಕ್ಷೆ, ಅತ್ತೆಯ ಆರೈಕೆ, ಇಲ್ಲದಿದ್ದರೆ ಕೆಲಸ, ಒಂದಲ್ಲ ಒಂದು ಅಡ್ಡ ಬರುತ್ತಲೇ ಇತ್ತು.

ಈಗ ಅರವತ್ತೆಂಟಕ್ಕೆ ಕಾಲ ಕೂಡಿ ಬಂದಿತ್ತು. ತಂಗಿ ರೈಲ್ವೆಯ ವಿಚಾರಣೆ ಕೌಂಟರಿನಿಂದ ನಿವೃತ್ತಳಾಗಿ, ಮನೆಯಲ್ಲಿ ಕೂರಲಾಗದೆ, ಎರಡು ದಿನದ ಪ್ರವಾಸಕ್ಕೆ ಎರಡು ಸೀಟು ಹಿಡಿದು ಬಂದು "ನಾಡಿದ್ದು ಹೊರಡೋದು" ಅಂತ ಅಪ್ಪಣೆ ಕೊಟ್ಟಿದ್ದಳು. ಟೈಪಕ್ಕನ ಗಂಡ ಮಂಡಿನೋವಿನ ನೆಪ ಹೇಳಿ ಮನೆಯಲ್ಲೇ ಉಳಿದ. "ನೀವಿಬ್ರೂ ಮಾತಾಡ್ಕೊಂಡು ಹೋಗಿ, ನಾನು ಎರಡು ದಿನ ಮೌನ ಅನುಭವಿಸ್ತೀನಿ" ಅಂದಿದ್ದ.

ಗೈಡ್ ಹುಡುಗಿ ಹಳದಿ ಛತ್ರಿಯೊಂದನ್ನು ಬಾವುಟದ ಹಾಗೆ ಎತ್ತಿ ಹಿಡಿದು ಮುಂದೆ ನಡೆದಳು. ಅವಳೂ ಇಲ್ಲಿಯ ವಿದ್ಯಾರ್ಥಿನಿಯೇ. ಅಂಗಳದಿಂದ ಅಂಗಳಕ್ಕೆ, ಕಮಾನಿನಿಂದ ಕಮಾನಿಗೆ ಕರೆದೊಯ್ದು, ಈ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಯಾವಾಗ, ಆ ಮರ ನೆಟ್ಟವರು ಯಾರು, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಗೋಡೆಗೆ ಒರಗಿಸಿಟ್ಟ ಸೈಕಲ್ಲುಗಳು, ಮೆಟ್ಟಿಲ ಮೇಲೆ ಪುಸ್ತಕ ಮಡಿಲಲ್ಲಿಟ್ಟು ಬ್ರೆಡ್ ತಿನ್ನುತ್ತ ಕೂತ ಮಕ್ಕಳು, ಸಾಲು ಕಿಟಕಿಗಳಲ್ಲಿ ಒಣಗಲು ಹಾಕಿದ ಕಾಲುಚೀಲಗಳು. ಟೈಪಕ್ಕನಿಗೆ ಆ ಕಾಲುಚೀಲಗಳೇ ಬಹಳ ಇಷ್ಟವಾದವು. ಇಷ್ಟು ದೊಡ್ಡ ದೊಡ್ಡ ವಿಷಯ ಬರೆದವರೂ ಕಾಲುಚೀಲ ಒಗೆದು ಒಣಗಿಸಿದವರೇ ತಾನೆ ಅನ್ನಿಸಿ ಮನಸ್ಸು ಹಗುರಾಯಿತು.

ಕೊನೆಗೆ ಗ್ರಂಥಾಲಯ. ಪ್ರವಾಸಿಗರಿಗೆ ಹಗ್ಗ ಕಟ್ಟಿದ ಜಾಗದವರೆಗೆ ಮಾತ್ರ ಪ್ರವೇಶ. ಹಗ್ಗದಾಚೆ ಉದ್ದನೆಯ ಮೇಜುಗಳು, ಪ್ರತಿ ಮೇಜಿಗೂ ಹಸಿರು ದೀಪ, ತಲೆ ಎತ್ತದೆ ಓದುತ್ತಿದ್ದವರು.

"ನೀವು ನೋಡ್ತಿರೋದು ಮೇಲಿನ ಭಾಗ ಅಷ್ಟೇ. ಕೆಳಗೆ ಇನ್ನೂ ಎರಡು ಅಂತಸ್ತು ಇದೆ" ಅಂತ ಗೈಡ್ ಹುಡುಗಿ ಪಿಸುದನಿಯಲ್ಲಿ ಹೇಳಿದಳು. "ಈ ವಿಶ್ವವಿದ್ಯಾಲಯ ಒಪ್ಪಿಕೊಂಡಿರೋ ಪ್ರತಿಯೊಂದು ಮಹಾಪ್ರಬಂಧವೂ ಅಲ್ಲಿದೆ. ಇವತ್ತಿನವರೆಗೆ ಒಂದನ್ನೂ ಬಿಸಾಕಿಲ್ಲ."

ಟೈಪಕ್ಕ ನಿಂತಲ್ಲೇ ನಿಂತುಬಿಟ್ಟಳು. ಗುಂಪು ಹೊರಟಿತು, ಹಳದಿ ಛತ್ರಿ ಬಾಗಿಲು ದಾಟಿತು, ಅವಳು ಮಾತ್ರ ಹಗ್ಗ ಹಿಡಿದುಕೊಂಡು ನಿಂತೇ ಇದ್ದಳು. ತಂಗಿ ವಾಪಸ್ ಬಂದು ನೋಡಿದರೆ ಅಕ್ಕನ ಮುಖ ಬಿಳಿಚಿಕೊಂಡಿದೆ.

"ಏನಾಯ್ತೇ? ತಲೆ ಸುತ್ತುತ್ತಾ?"

"ಇಲ್ಲ. ಒಂದು ಲೋಟ ಟೀ ಕುಡಿಯೋಣ ಬಾ. ನಿನಗೊಂದು ವಿಷಯ ಹೇಳ್ಬೇಕು."

ಎದುರಿನ ಸಣ್ಣ ಟೀ ಅಂಗಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ, ಟೈಪಕ್ಕ ಮೂವತ್ತೊಂದು ವರ್ಷದ ಹಿಂದಿನ ಸಂಗತಿಯನ್ನು ತಂಗಿಗೆ ಹೇಳಿದಳು.

ಆ ಸಲ ಬಂದ ಕಟ್ಟುಗಳಲ್ಲಿ ಒಂದು, ಬಲಕ್ಕೆ ವಾಲಿದ ಅಕ್ಷರದ್ದು. ಯಾವುದೋ ಒಂದು ಕಾಡುಹುಲ್ಲಿನ ಬೀಜ ಹೇಗೆ ಮೊಳೆಯುತ್ತದೆ ಅನ್ನುವುದರ ಮೇಲೆ ಒಬ್ಬ ವಿದ್ಯಾರ್ಥಿ ಮೂರು ವರ್ಷ ಮಾಡಿದ ಕೆಲಸ. ತುಂಬ ಪಟ್ಟಿಗಳು. ಟೈಪ್ ಮಾಡುವವರಿಗೆ ಪಟ್ಟಿಯಷ್ಟು ದೊಡ್ಡ ತಲೆನೋವು ಬೇರೆ ಇಲ್ಲ. ಒಂದೊಂದು ಅಂಕಿಗೂ ಜಾಗ ಎಣಿಸಿ ಹೊಡೆಯಬೇಕು. ಹನ್ನೊಂದನೇ ಪಟ್ಟಿಗೆ ಬಂದಾಗ ಅವಳ ಕೈ ತಡೆಯಿತು. ಒಂದೊಂದು ಗಾಜಿನ ತಟ್ಟೆಯಲ್ಲಿ ನಲವತ್ತು ಬೀಜ ಹಾಕಿದೆ ಅಂತ ಬರೆದಿದ್ದಾನೆ. ಐದನೇ ತಟ್ಟೆಯಲ್ಲಿ ಮೊಳೆತದ್ದು ನಲವತ್ತಮೂರು.

"ನಲವತ್ತು ಬಿತ್ತಿದ್ರೆ ನಲವತ್ತಮೂರು ಹೇಗೆ ಮೊಳೆಯುತ್ತೆ?" ಅಂದಳು ತಂಗಿ.

"ಅದೇ ಅಲ್ವಾ ನಾನೂ ಅಂದ್ಕೊಂಡಿದ್ದು! ಕೈತಪ್ಪು ಇರ್ಬೇಕು ಅಂತ ಮುಂದೆ ಹೋದೆ. ಹದಿನಾಲ್ಕನೇ ಪಟ್ಟಿ ಹೊಡೀತಾ ಇದ್ದೆ. ಇಪ್ಪತ್ತಾರು, ಒಂಬತ್ತು, ಮೂವತ್ತೊಂದು, ಏಳು... ಬೆರಳು ನನ್ನನ್ನ ಕೇಳದೇ ಮುಂದಿನ ಅಂಕಿ ಹೊಡೀತು ಕಣೇ. ನಾನಿನ್ನೂ ಹಾಳೆ ನೋಡಿರ್ಲಿಲ್ಲ! ನೋಡಿದ್ರೆ ಅದೇ ಅಂಕಿ. ಆಮೇಲೆ ಹಿಂದಕ್ಕೆ ತಿರುವಿ ನೋಡಿದೆ. ಮೊದಲನೇ ವರ್ಷದ ಪಟ್ಟಿನೇ ಮೂರನೇ ವರ್ಷದ್ದು ಅಂತ ಇಳಿಸಿದ್ದಾನೆ. ಐದನೇ ಸಾಲಿನಿಂದ ಶುರು ಮಾಡಿದ್ದಾನೆ, ಅಷ್ಟೇ ವ್ಯತ್ಯಾಸ."

"ಕಳ್ಳ!"

"ಹಾಗನ್ಬೇಡ. ಅವಸರದಲ್ಲಿ ಹಾಳೆ ಅದಲುಬದಲಾಗಿರುತ್ತೆ ಅಂತ ನಾನು ಅವನಿಗೆ ಒಂದು ಕಾಗದ ಬರೆದು ಕಳಿಸಿದೆ. ಎಂಟು ದಿನಕ್ಕೆ ಪಾರ್ಸೆಲ್ ಆಫೀಸಿನವನ ಕೈಲಿ ಒಂದು ಚೀಟಿ ಬಂತು. 'ಹಾಳೆಗಳನ್ನೆಲ್ಲ ವಾಪಸ್ ಕೊಡಿ.' ಅಷ್ಟೇ. ಕೊಟ್ಟೆ. ಮತ್ತೆ ಸುದ್ದಿ ಇಲ್ಲ."

ಅವತ್ತು ಗಂಡನಿಗೆ ಹೇಳಿದ್ದಳು. ಅವನು ವಿದ್ಯುತ್ ಮೀಟರ್ ಓದುವ ಕೆಲಸದವನು. "ನಾನು ಮನೆ ಮನೆಗೆ ಹೋಗಿ ಮೀಟರ್ ಓದ್ತೀನಿ. ಇದ್ದದ್ದನ್ನ ಬರ್ಕೊಂಡು ಬರ್ತೀನಿ. ಇಷ್ಟೊಂದು ದೀಪ ಯಾಕೆ ಉರಿಸಿದ್ರಿ ಅಂತ ಕೇಳ್ತೀನಾ? ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?" ಅಂದಿದ್ದ. ಬೈಯಲೆಂದು ಅಂದದ್ದಲ್ಲ, ಆದರೂ ಆ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತು. ಆ ಹುಡುಗನಿಗೆ ಡಿಗ್ರಿ ತಪ್ಪಿತೋ ಏನೋ. ಮನೆಯಲ್ಲಿ ಏನು ಕಷ್ಟವಿತ್ತೋ. ತಾನು ಕಣ್ಣುಮುಚ್ಚಿ ಹೊಡೆದು ಕಳಿಸಿದ್ದರೆ ಅವನ ಪಾಡಿಗೆ ಅವನು ಬದುಕಿಕೊಳ್ಳುತ್ತಿದ್ದನೇನೋ. ಪ್ರತಿ ವರ್ಷ ಹೊಸ ಪಾರ್ಸೆಲ್ ಬಿಚ್ಚುವಾಗಲೂ ಬಲಕ್ಕೆ ವಾಲಿದ ಅಕ್ಷರ ಇದೆಯಾ ಅಂತ ಹುಡುಕುತ್ತಿದ್ದಳು. ಮತ್ತೆ ಬರಲೇ ಇಲ್ಲ.

"ಮೂವತ್ತೊಂದು ವರ್ಷ ಇದನ್ನ ಹೊಟ್ಟೇಲಿಟ್ಕೊಂಡಿದ್ದೀಯಾ?" ತಂಗಿ ಲೋಟ ಕೆಳಗಿಟ್ಟಳು. "ನಿನ್ನದೇನು ಹೊಟ್ಟೆಯೋ ಗೋದಾಮೋ?"

"ಆ ಹುಡುಗಿ ಹೇಳಿದ್ದು ಕೇಳಿದ್ಯಲ್ಲ. ಒಪ್ಪಿಕೊಂಡಿದ್ದೆಲ್ಲ ಕೆಳಗಡೆ ಇದೆಯಂತೆ. ಅವನಿಗೆ ಡಿಗ್ರಿ ಸಿಕ್ಕಿದ್ರೆ ಅದೂ ಅಲ್ಲಿರುತ್ತೆ. ಇಲ್ಲದಿದ್ರೆ..."

"ಏಳು ಮೇಲೆ."

"ನಮ್ಮ ಗುಂಪು—"

"ಗುಂಪು ಎಲ್ಲೂ ಓಡಿ ಹೋಗಲ್ಲ. ಛತ್ರಿ ಕಾಣುತ್ತೆ. ಏಳು."

ಜೀವಮಾನವಿಡೀ ಜನರ ಪ್ರಶ್ನೆಗೆ ಉತ್ತರ ಹೇಳಿದವಳಿಗೆ ಕೌಂಟರಿನ ಈಚೆ ಕಡೆ ನಿಂತು ಪ್ರಶ್ನೆ ಕೇಳುವುದೆಂದರೆ ಈಗ ಎಲ್ಲಿಲ್ಲದ ಹುರುಪು. ತಂಗಿ ನೆಟ್ಟಗೆ ಗ್ರಂಥಪಾಲಕರ ಮುಂದೆ ಹೋಗಿ ನಿಂತಳು. ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದ, ಐವತ್ತು ದಾಟಿದ ಮನುಷ್ಯ.

"ಓದುಗರ ಚೀಟಿ ಇಲ್ಲದೆ ಒಳಗೆ ಬಿಡೋ ಹಾಗಿಲ್ಲ, ತಾಯಿ."

"ಒಳಗೆ ಯಾರು ಬರ್ತೀವಿ ಅಂದ್ರು? ಒಂದು ಪ್ರಬಂಧ ಇದೆಯೋ ಇಲ್ವೋ ಅಷ್ಟು ನೋಡಿ ಹೇಳಿ ಸಾಕು. ನಮ್ಮಕ್ಕ ಅದನ್ನ ಕೇಳೋಕೆ ಮೂವತ್ತೊಂದು ವರ್ಷದಿಂದ ಕಾಯ್ತಾ ಇದ್ದಾಳೆ."

ಅವರು ಟೈಪಕ್ಕನ ಕಡೆ ನೋಡಿದರು. ಅವಳು ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು.

"ಬರೆದವರ ಹೆಸರು?"

ಟೈಪಕ್ಕ ಹೆಸರು ಹೇಳಿದಳು. ಇಷ್ಟು ವರ್ಷದಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಗ್ರಂಥಪಾಲಕರು ಕಂಪ್ಯೂಟರ್ ಮುಟ್ಟಲೇ ಇಲ್ಲ. ನಕ್ಕುಬಿಟ್ಟರು. "ಬೀಜದ ಮೇಷ್ಟ್ರಾ? ಅವರದು ಇಲ್ಲದೆ ಇರುತ್ತಾ? ಅವರು ಇಲ್ಲೇ ಪ್ರೊಫೆಸರ್ ಆಗಿದ್ದವರು. ನಿವೃತ್ತಿ ಆದ್ಮೇಲೂ ದಿನಾ ಬಂದು ಸಸ್ಯತೋಟದಲ್ಲಿ ಮಣ್ಣು ಕೆದಕ್ತಾ ಕೂತಿರ್ತಾರೆ."

ತಂಗಿ ಅಕ್ಕನ ತೋಳು ಹಿಡಿದು ಪಕ್ಕದ ಬೆಂಚಿನ ಮೇಲೆ ಕೂರಿಸಿದಳು. ಅಳು ಬರುತ್ತದೆ ಅಂದುಕೊಂಡಳು ಟೈಪಕ್ಕ. ಬರಲಿಲ್ಲ. ಎಷ್ಟೋ ಹೊತ್ತು ತಲೆಯ ಮೇಲೆ ಹೊತ್ತಿದ್ದ ತುಂಬಿದ ಕೊಡವನ್ನು ಯಾರೋ ಇಳಿಸಿಕೊಂಡ ಹಾಗೆ, ಕತ್ತು ಸುಮ್ಮನೆ ಅತ್ತಿತ್ತ ಆಡಿತು.

ಏನನ್ನಿಸಿತೋ, ಗ್ರಂಥಪಾಲಕರು ಕೆಳಗಿಳಿದು ಹೋಗಿ, ಇಪ್ಪತ್ತು ನಿಮಿಷದ ಮೇಲೆ ಕಂದು ರಟ್ಟಿನ ಒಂದು ಸಂಪುಟ ತಂದು ಅವಳ ಮುಂದೆ ಇಟ್ಟರು. "ಇಲ್ಲೇ ಕೂತು ನೋಡಿ. ಯಾರಾದ್ರೂ ಕೇಳಿದ್ರೆ ನಾನು ಹೇಳ್ಕೋತೀನಿ" ಅಂದರು.

ಮೇಲಿದ್ದ ಇಸವಿ ಅವಳು ಲೆಕ್ಕ ಹಾಕಿದ್ದಕ್ಕಿಂತ ಎರಡು ವರ್ಷ ಆಚೆಯದು. ಬೇರೆ ಯಾರೋ ಟೈಪ್ ಮಾಡಿದ್ದರು. ಸಾಲುಗಳು ಬಲಕ್ಕೆ ಹೋಗುತ್ತ ಕೂದಲೆಳೆಯಷ್ಟು ಮೇಲೇರುತ್ತಿದ್ದವು. 'ಪಾಪ, ರೋಲರ್ ಸವೆದಿತ್ತು' ಅಂದುಕೊಂಡಳು. ಹಾಳೆ ತಿರುವಿ ಹನ್ನೊಂದನೇ ಪಟ್ಟಿಗೆ ಹೋದಳು. ಐದನೇ ತಟ್ಟೆ: ಬಿತ್ತಿದ್ದು ನಲವತ್ತು, ಮೊಳೆತದ್ದು ಆರು. ಹದಿನಾಲ್ಕನೇ ಪಟ್ಟಿ: ಸೊನ್ನೆ, ಎರಡು, ಸೊನ್ನೆ, ಸೊನ್ನೆ, ಒಂದು. ಪುಟದ ತುಂಬ ಸೊನ್ನೆಗಳು. ಸುಳ್ಳು ಬರೆಯುವವನು ಇಷ್ಟೊಂದು ಸೊನ್ನೆ ಯಾಕೆ ಬರೆಯುತ್ತಾನೆ? ಅವಳ ಬೆರಳು ಒಂದೊಂದು ಸೊನ್ನೆಯನ್ನೂ ಮುಟ್ಟಿ ಮುಟ್ಟಿ ಹೋಯಿತು.

ತಂಗಿ ಅಷ್ಟರಲ್ಲಿ ಮೊದಲ ಪುಟಕ್ಕೆ ತಿರುವಿ ಕೃತಜ್ಞತೆ ಸಲ್ಲಿಸಿದ್ದ ಭಾಗ ಓದಿದಳು. "ಪ್ರೊಫೆಸರಿಗೆ, ಅಮ್ಮನಿಗೆ, ತೋಟದ ಮಾಲಿಗೆ, ಹಾಸ್ಟೆಲಿನ ಅಡುಗೆಯವರಿಗೆ... ಅಡುಗೆಯವರ ತನಕ ಬಂದಿದ್ದಾನೆ, ನಿನ್ನ ಹೆಸರೆತ್ತಿಲ್ಲ! ಇವನಿಗೆ—"

"ಇರಲಿ ಬಿಡೇ. ನಾನು ಇದನ್ನ ಟೈಪ್ ಮಾಡಿಲ್ವಲ್ಲ."

"ಮೇಷ್ಟ್ರಿಗೆ ಫೋನ್ ಮಾಡ್ಲಾ? ತೋಟದಲ್ಲೇ ಇರ್ತಾರೆ ಈ ಹೊತ್ತಲ್ಲಿ" ಅಂದರು ಗ್ರಂಥಪಾಲಕರು.

"ಬೇಡ ಬೇಡ" ಅಂದಳು ಅಕ್ಕ. "ಮಾಡಿ ಮಾಡಿ" ಅಂದಳು ತಂಗಿ.

ಗ್ರಂಥಪಾಲಕರು ರಿಸೀವರ್ ಎತ್ತಿ ಯಾರ ಮಾತು ಕೇಳಬೇಕೋ ತಿಳಿಯದೆ ನಿಂತರು. ಟೈಪಕ್ಕ ಸಂಪುಟದ ರಟ್ಟನ್ನು ಒಮ್ಮೆ ಸವರಿದಳು. ಆಮೇಲೆ ಮೆಲ್ಲಗೆ, "ಟೈಪ್ ಮಾಡೋರು ಬಂದಿದ್ದಾರೆ ಅನ್ನಿ. ನಲವತ್ತಮೂರು ಮೊಳಕೆ ಅಂದ್ರೆ ಅವರಿಗೆ ತಿಳಿಯುತ್ತೆ" ಅಂದಳು.

ಅವರು ಹಾಗೇ ಹೇಳಿದರು. ಆ ಕಡೆಯಿಂದ ಮಾತೇ ಬರಲಿಲ್ಲ. "ಹಲೋ? ಹಲೋ?" ಅಂದು, "ಫೋನ್ ಇಟ್ಟುಬಿಟ್ರು" ಅಂತ ಮುಜುಗರದಿಂದ ಇವರ ಕಡೆ ನೋಡಿದರು.

ಟೈಪಕ್ಕ ಸಂಪುಟ ಮುಚ್ಚಿ, ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಎತ್ತಿ ಕೊಟ್ಟಳು. "ಪರ್ವಾಗಿಲ್ಲ ಸ್ವಾಮಿ. ನೀವು ಮಾಡಿದ್ದೇ ದೊಡ್ಡ ಉಪಕಾರ. ಅವರು ಚೆನ್ನಾಗಿದ್ದಾರೆ ಅಂತ ಗೊತ್ತಾಯ್ತಲ್ಲ, ನನಗಷ್ಟು ಸಾಕು." ನಿಜಕ್ಕೂ ಅವಳಿಗೆ ಅಷ್ಟು ಸಾಕಾಗಿತ್ತು. ಹಳೆಯದನ್ನು ಕೆದಕಿ ಯಾರ ಮನಸ್ಸು ನೋಯಿಸಿ ಏನಾಗಬೇಕು?

ಇಬ್ಬರೂ ಹೊರಗಿನ ಮೆಟ್ಟಿಲು ಇಳಿಯುತ್ತಿದ್ದರು. ಅಂಗಳದ ಆ ತುದಿಯಿಂದ ಒಬ್ಬ ಬೋಳುತಲೆಯ ಮನುಷ್ಯ ಓಡಿ ಬರುತ್ತಿದ್ದರು. ಓಡುವ ವಯಸ್ಸಲ್ಲ, ಓಡಿ ಅಭ್ಯಾಸವೂ ಇದ್ದ ಹಾಗಿರಲಿಲ್ಲ. ಪ್ಯಾಂಟಿನ ಎರಡು ಮಂಡಿಯಲ್ಲೂ ಹಸಿ ಮಣ್ಣು, ಒಂದು ಕೈಯಲ್ಲಿ ಇನ್ನೂ ಚಿಕ್ಕ ಸಲಿಕೆ. ಮೆಟ್ಟಿಲ ಬುಡದಲ್ಲಿ ನಿಂತು, ಏದುಸಿರು ಬಿಡುತ್ತ, ಇಬ್ಬರು ಹೆಂಗಸರನ್ನೂ ಮತ್ತೆ ಮತ್ತೆ ನೋಡಿದರು.

"ಯಾರು... ನಿಮ್ಮಲ್ಲಿ ಯಾರು?"

ತಂಗಿ ಅಕ್ಕನ ಕಡೆ ಬೆರಳು ತೋರಿಸಿದಳು.

ಅವರು ಕೈ ಮುಗಿಯಲು ಹೋದರು, ಸಲಿಕೆ ಅಡ್ಡ ಬಂತು. ಅದನ್ನು ಕೆಳಗೆ ಹಾಕಿ ಮತ್ತೆ ಮುಗಿದರು. "'ಅವಸರದಲ್ಲಿ ಹಾಳೆ ಅದಲುಬದಲಾಗಿರಬಹುದು. ಸರಿಯಾದ ಹಾಳೆ ಸಿಕ್ಕ ಮೇಲೆ ಕಳಿಸಿ. ಅಲ್ಲಿಯವರೆಗೆ ಇದು ಬೇರೆ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟಿರುತ್ತೇನೆ.' ಸರಿ ತಾನೆ? ಒಂದು ಪದ ಹೆಚ್ಚುಕಮ್ಮಿ ಇಲ್ಲ ತಾನೆ?"

ತಾನು ಹಾಗೆ ಬರೆದಿದ್ದೆನೆಂದು ಟೈಪಕ್ಕನಿಗೇ ಮರೆತಿತ್ತು. ಅವರ ಬಾಯಲ್ಲಿ ಕೇಳಿದಾಗ ನೆನಪಾಯಿತು. ತಡೆದಿದ್ದ ಅಳು ಆಗ ಬಂತು.

ಮೂವರೂ ಆ ಮೆಟ್ಟಿಲ ಮೇಲೇ ಕೂತರು. ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಮೂರನೇ ವರ್ಷ ಬಿತ್ತಿದ ಬೀಜಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಒಂದು ಕಡೆ ಕೆಲಸ ಸಿಗುವುದರಲ್ಲಿತ್ತು, ಡಿಗ್ರಿ ಕೈಗೆ ಬರುವುದನ್ನೇ ಕಾಯುತ್ತಿದ್ದರು. ಒಂದು ಮಧ್ಯಾಹ್ನ ಕೂತು ಅಂಕಿಗಳನ್ನು ಹುಟ್ಟಿಸಿದರು. ಹುಟ್ಟಿಸಿ ಹುಟ್ಟಿಸಿ ಸಾಕಾಗಿ, ಕೊನೆಗೆ ಹಳೆಯದನ್ನೇ ಇಳಿಸಿದರು.

"ನಮ್ಮ ಪ್ರೊಫೆಸರಿಗೆ ಕಣ್ಣು ಮಂಜು. ಪರೀಕ್ಷಕರು ಕೊನೇ ಅಧ್ಯಾಯ ಮಾತ್ರ ಓದ್ತಾರೆ. ಯಾರಿಗೂ ಗೊತ್ತಾಗಲ್ಲ ಅಂತ ಧೈರ್ಯ. ನಿಮ್ಮ ಕಾಗದ ಬಂತು ನೋಡಿ, ಮೈಯೆಲ್ಲ ಉರಿದುಹೋಯ್ತು. ಒಬ್ಬ ಟೈಪಿಸ್ಟು ನನಗೆ ಹೇಳೋದಾ ಅಂತ! ಹರಿದು ಚೂರು ಚೂರು ಮಾಡಿದೆ."

"ಹರಿದ್ರಾ?" ಅಂದಳು ತಂಗಿ.

"ಹರಿದೆ. ಹರಿದ ಮೇಲೂ ಆ ಕೊನೇ ಸಾಲು ಬಿಡ್ಲಿಲ್ಲ. 'ಬೇರೆ ಯಾರ ಕಣ್ಣಿಗೂ ಬೀಳದ ಹಾಗೆ.' ನೀವು ಕಳ್ಳ ಅಂದಿದ್ರೆ ನಾನು ಜಗಳ ಆಡ್ತಿದ್ದೆ. ಪ್ರೊಫೆಸರಿಗೆ ಬರೆದಿದ್ರೆ ಎಲ್ಲೋ ಓಡಿಹೋಗ್ತಿದ್ದೆ. ನೀವು ಎರಡೂ ಮಾಡ್ಲಿಲ್ಲ. ವಾಪಸ್ ಬರೋಕೆ ಒಂದು ದಾರಿ ಬಿಟ್ಟು ನಿಂತ್ರಿ. ಎಷ್ಟು ದಿನ ಅಂತ ಮುಖ ತಿರುಗಿಸ್ಕೊಂಡು ಇರೋದು?"

ಆ ಕೆಲಸ ಕೈತಪ್ಪಿತು. ಎರಡು ವರ್ಷ ಮತ್ತೆ ಮೊದಲಿನಿಂದ ಬಿತ್ತಿದರು. ಆಗ ತಿಳಿದದ್ದೇನೆಂದರೆ, ಚೆನ್ನಾಗಿ ಮೊಳೆಯುತ್ತದೆ ಅಂತ ಅವರು ಸುಳ್ಳು ಬರೆದಿದ್ದ ಬೀಜ ಮೊಳೆಯುವುದೇ ಅಪರೂಪ. ತನಗೆ ಹಿಡಿಸುವ ಋತು ಬರುವವರೆಗೆ ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಮುಂದೆ ಅದನ್ನೇ ಹಿಡಿದುಕೊಂಡು ನಿವೃತ್ತಿಯವರೆಗೂ ಕೆಲಸ ಮಾಡಿದರು.

"ಹಾಗಿದ್ರೆ ನಮ್ಮಕ್ಕನ ಹೆಸರು ಯಾಕೆ ಬರೀಲಿಲ್ಲ?" ತಂಗಿ ಬಿಡುವವಳಲ್ಲ.

ಮೇಷ್ಟ್ರು ತಲೆ ತಗ್ಗಿಸಿದರು. "ಬರೆದ್ರೆ ಯಾಕೆ ಅಂತ ಕೇಳ್ತಾರೆ. ಹೇಳೋ ಧೈರ್ಯ ಇರ್ಲಿಲ್ಲ. ಆಮೇಲೆ ಕಾಗದ ಬರೆಯೋಣ ಅಂತ ಎಷ್ಟು ಸಲ ಕೂತೆ. ವಿಳಾಸ ಹರಿದು ಹಾಕಿದ ಚೂರಲ್ಲೇ ಹೋಯ್ತಲ್ಲ ಅಂತ ನನಗೆ ನಾನೇ ನೆಪ ಹೇಳ್ಕೊಂಡೆ. ಸ್ಟೇಷನರಿ ಅಂಗಡಿಯವರನ್ನ ಕೇಳಿದ್ರೆ ಒಂದೇ ನಿಮಿಷದಲ್ಲಿ ಸಿಗ್ತಿತ್ತು. ಕೇಳ್ಲಿಲ್ಲ. ತಪ್ಪಾಯ್ತಮ್ಮ."

ತಂಗಿ ಬಗ್ಗಿ, ಕೆಳಗೆ ಬಿದ್ದಿದ್ದ ಸಲಿಕೆ ಎತ್ತಿ ಅವರ ಪಕ್ಕ ಇಟ್ಟಳು. ಜಗಳ ಅಷ್ಟಕ್ಕೇ ಬಿಡುವುದು ಅವಳ ಅರವತ್ತನಾಲ್ಕು ವರ್ಷದಲ್ಲಿ ಅಪರೂಪದ ಘಟನೆ.

"ಒಂದು ಕೇಳ್ಲಾ?" ಅಂದರು ಮೇಷ್ಟ್ರು. "ನಾನು ಬೇಕಂತಲೇ ಮಾಡಿದ್ದು ಅಂತ ನಿಮಗೆ ಗೊತ್ತಿತ್ತಾ?"

ಟೈಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೈಗೆ ಗೊತ್ತಿತ್ತು ಸಾರ್. ಮನಸ್ಸಿಗೆ ನಾನೇ ಗೊತ್ತು ಮಾಡ್ಕೊಳ್ಲಿಲ್ಲ. ಆದ್ರೆ ಆಮೇಲೆ ನಿಮ್ಮ ಬದುಕು ಕೆಡಿಸಿಬಿಟ್ನೇನೋ ಅಂತ... ಇವತ್ತು ಬೆಳಿಗ್ಗೆ ತನಕ ಅದೇ ಯೋಚನೆ. ಆ ಸೊನ್ನೆಗಳನ್ನ ನೋಡಿದ ಮೇಲೆ ಸಮಾಧಾನ ಆಯ್ತು. ನೀವು ಮತ್ತೆ ಬಿತ್ತಿದ್ರಲ್ಲ, ಅದಕ್ಕೆ ನಾನೇ ನಿಮಗೆ ಕೈ ಮುಗೀಬೇಕು."

ಮೇಷ್ಟ್ರು ಅವರನ್ನು ಸಸ್ಯತೋಟಕ್ಕೆ ಕರೆದುಕೊಂಡು ಹೋದರು. ಗಾಜಿನ ಮನೆ ದಾಟಿ, ಹಿಂದಿನ ಬೀಜದ ಕೋಣೆಗೆ. ಗೋಡೆ ತುಂಬ ಚಿಕ್ಕ ಚಿಕ್ಕ ಮರದ ಡ್ರಾಯರುಗಳು, ಒಂದೊಂದಕ್ಕೂ ಚೀಟಿ. ನಡುವಿನ ಮೇಜಿನ ಮೇಲೆ ಮೂವರು ವಿದ್ಯಾರ್ಥಿಗಳು ಗಾಜಿನ ತಟ್ಟೆಗಳಲ್ಲಿ ಮೊಳಕೆ ಎಣಿಸುತ್ತಿದ್ದರು.

"ಸ್ವಲ್ಪ ನಿಲ್ಸಿ" ಅಂದರು ಮೇಷ್ಟ್ರು. "ಇವರು ಯಾರು ಅಂತ ಹೇಳ್ತೀನಿ."

ಟೈಪಕ್ಕ ಗಡಿಬಿಡಿಯಿಂದ ಕೈ ಅಡ್ಡ ಆಡಿಸಿದಳು. "ಬೇಡ ಸಾರ್, ಮಕ್ಕಳ ಮುಂದೆ ಯಾಕೆ—"

"ಮಕ್ಕಳ ಮುಂದೆಯೇ ಹೇಳ್ಬೇಕು, ಬಿಡಿ."

ನಿಂತೇ ಹೇಳಿದರು. ಬೂಷ್ಟು ಹಿಡಿದ ತಟ್ಟೆಗಳು, ಹುಟ್ಟಿಸಿದ ಅಂಕಿಗಳು, ಹರಿದ ಕಾಗದ, ಯಾವುದನ್ನೂ ಬಿಡಲಿಲ್ಲ. ನಡುವೆ ಎರಡು ಸಲ ನೀರು ಕುಡಿದು ಮುಂದುವರಿಸಿದರು. ವಿದ್ಯಾರ್ಥಿಗಳು ಬಾಯಿ ತೆರೆದುಕೊಂಡು ಕೇಳಿದರು. ತಮ್ಮ ಮೇಷ್ಟ್ರು ಹೀಗೂ ಒಂದು ಕಾಲದಲ್ಲಿ ಇದ್ದರೆಂಬುದನ್ನು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಹೇಳಿ ಮುಗಿದ ಮೇಲೆ ಜಡೆ ಹಾಕಿದ್ದ ಹುಡುಗಿಯೊಬ್ಬಳು ಎದ್ದು ಟೈಪಕ್ಕನ ಹತ್ತಿರ ಬಂದಳು. ಒಂದು ಹಾಳೆ ಮುಂದೆ ಹಿಡಿದಳು. "ಆಂಟಿ, ಇದು ನನ್ನ ಪಟ್ಟಿ. ಒಂದ್ಸಲ ನೋಡ್ತೀರಾ?"

ಎಲ್ಲರೂ ಗೊಳ್ಳೆಂದು ನಕ್ಕರು, ಮೇಷ್ಟ್ರೂ ನಕ್ಕರು. ಟೈಪಕ್ಕ ಮಾತ್ರ ನಗಲಿಲ್ಲ. ಕನ್ನಡಕ ಹಾಕಿಕೊಂಡು, ಮೇಜಿನ ಅಂಚಿನ ಮೇಲೆ ಬೆರಳುಗಳನ್ನು ಟೈಪ್ ಹೊಡೆಯುವ ಹಾಗೆ ಆಡಿಸುತ್ತ, ಮೇಲಿನಿಂದ ಕೆಳಗಿನವರೆಗೆ ಇಡೀ ಪಟ್ಟಿ ನೋಡಿದಳು.

"ಅಂಕಿ ಎಲ್ಲ ಸರಿಯಾಗಿದೆ ಮಗಳೇ" ಅಂದಳು. "ತಲೆಬರಹದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ನೋಡು."

ಅವತ್ತು ಸಂಜೆ ವಸತಿಗೃಹದಿಂದ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ. "ಅವತ್ತು ನಾನು ಹಾಗನ್ಬಾರದಿತ್ತು" ಅಂದ. "ಅದು ಈಗ್ಯಾಕೆ ಬಿಡಿ. ಮಂಡಿಗೆ ಎಣ್ಣೆ ಹಚ್ಕೊಂಡ್ರಾ?" ಅಂದಳು ಟೈಪಕ್ಕ.

ಮರುದಿನ ಗುಂಪಿಗೆ ನದಿಯಲ್ಲಿ ದೋಣಿ, ಆಮೇಲೆ ಗೋಪುರ ಹತ್ತುವ ಕಾರ್ಯಕ್ರಮ. ತಂಗಿ ಅವರ ಜೊತೆ ಹೋದಳು. ಟೈಪಕ್ಕ ಗ್ರಂಥಾಲಯಕ್ಕೆ ಬಂದಳು. ಹಿಂದಿನ ಸಂಜೆಯೇ ಮೇಷ್ಟ್ರು ಹೇಳಿಟ್ಟಿದ್ದರು. ಗ್ರಂಥಪಾಲಕರು ಒಂದು ದಿನದ ಓದುಗರ ಚೀಟಿ ಬರೆದು, ಮೊಹರು ಒತ್ತಿ, ಹಗ್ಗ ಬಿಚ್ಚಿ ಅವಳನ್ನು ಒಳಗೆ ಬಿಟ್ಟರು. ಹಸಿರು ದೀಪದ ಕೆಳಗೆ ಕಂದು ರಟ್ಟಿನ ಸಂಪುಟ ಕಾದಿತ್ತು.

ನೂರಕ್ಕೂ ಹೆಚ್ಚು ಮಹಾಪ್ರಬಂಧಗಳು ಅವಳ ಕೈಯಿಂದ ಹೊರಟಿದ್ದವು. ಒಂದನ್ನಾದರೂ ಓದಿದ್ದಾಳೆಯೇ ಅಂದರೆ ಇಲ್ಲ. ಟೈಪ್ ಮಾಡುವಾಗ ಅಕ್ಷರ ಕಾಣುತ್ತದೆ, ಅರ್ಥ ಪಕ್ಕದಲ್ಲಿ ಹಾದು ಹೋಗುತ್ತದೆ. ಅರ್ಥದ ಕಡೆ ತಿರುಗಿದರೆ ಕೈ ತಪ್ಪುತ್ತದೆ. ಇವತ್ತು ಕೈಗೆ ಕೆಲಸವಿರಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಪುಟದಿಂದ ಓದತೊಡಗಿದಳು. ಕೆಲವು ಮಾತು ತಿಳಿಯಲಿಲ್ಲ, ಎರಡು ಸಲ ಓದಿದರೆ ಅವುಗಳಲ್ಲೂ ಅರ್ಧ ತಿಳಿದವು. ಎಳ್ಳಿಗಿಂತ ಚಿಕ್ಕದಾದ ಒಂದು ಬೀಜ, ಅದರ ಸಿಪ್ಪೆಯ ಏಳು ಪದರ, ಆ ಪದರದೊಳಗೆ ನೀರು ಹೋಗಲು ಎಷ್ಟು ಕಾಲ ಬೇಕು ಎಂಬುದು. ಒಬ್ಬ ಮನುಷ್ಯ ಇಷ್ಟು ಚಿಕ್ಕದೊಂದನ್ನು ಇಷ್ಟು ಹೊತ್ತು ನೋಡಿದ್ದಾನಲ್ಲ ಅಂತ ಅವಳಿಗೆ ಆಶ್ಚರ್ಯವಾಯಿತು. ನೋಡಿದವರ ಮಾತನ್ನು ಜೋಪಾನವಾಗಿ ಇಟ್ಟ ಈ ಮನೆಯ ಮೇಲೆ, ಕೂರಲು ಜಾಗ ಕೊಟ್ಟವರ ಮೇಲೆ, ಸೀಟು ಹಿಡಿದು ಎಳೆದುಕೊಂಡು ಬಂದ ತಂಗಿಯ ಮೇಲೆ ಬಹಳ ಪ್ರೀತಿ ಬಂತು.

ಅಕ್ಕಪಕ್ಕದಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಊಟಕ್ಕೆ ಹೋದರು. ಗ್ರಂಥಪಾಲಕರು ಬಂದು ಮೆಲುದನಿಯಲ್ಲಿ, "ತಾಯಿ, ನಿಮ್ಮ ತಂಗಿ ಹೊರಗೆ ಬಂದಿದ್ದಾರೆ. ಊಟಕ್ಕೆ ಕರೀತಿದ್ದಾರೆ" ಅಂದರು.

ಟೈಪಕ್ಕ ತಲೆ ಎತ್ತಲಿಲ್ಲ.

"ಎರಡೇ ಪುಟ ಇದೆ ಸ್ವಾಮಿ" ಅಂದಳು. "ಈ ಅಧ್ಯಾಯ ಮುಗಿಸಿ ಬರ್ತೀನಿ ಅನ್ನಿ."